ಹಾಸ್ಟೆಲಿನ ಇಂಜಿನಿಯರನಿಗೆ ನಾನು ಕಾರು ಎಣಿಸಿಕೊಟ್ಟದ್ದು

ನಾನು ಕಲಿತದ್ದು ಮೂರನೇ ಕ್ಲಾಸು. ಬರೆದದ್ದರಲ್ಲಿ ತಪ್ಪಿದ್ದರೆ ಓದುವವರೇ ಸರಿ ಮಾಡಿಕೊಳ್ಳಬೇಕು.

ದೋಹಾ ಅಲ್ ಜದೀದಾ ಎಂಬ ಪೇಟೆಯಲ್ಲಿ ಮಗ ಸೊಸೆಯ ಜೊತೆ ನಾನಿರುವ ಕಟ್ಟಡದ ಹಿಂದೆ ಒಂದು ಮಣ್ಣಿನ ಜಾಗ ಇತ್ತು. ಗೆರೆ ಇಲ್ಲ, ಬೇಲಿ ಇಲ್ಲ, ಯಾರು ಬೇಕಾದರೂ ಕಾರು ನಿಲ್ಲಿಸಬಹುದು. ಹೋದ ವರ್ಷ ಅಲ್ಲೊಂದು ದೊಡ್ಡ ಬೋರ್ಡು ಬಂತು. ಕಾಲೇಜು ಮಕ್ಕಳಿಗೆ ಒಂಬತ್ತು ಮಾಳಿಗೆಯ ಹಾಸ್ಟೆಲು ಕಟ್ಟುತ್ತಾರಂತೆ. ಬೋರ್ಡಿನ ಚಿತ್ರದಲ್ಲಿ ಮರ ಇತ್ತು, ಸೈಕಲ್ ಇತ್ತು, ನಗುವ ಹುಡುಗಿಯರಿದ್ದರು. ಕಾರು ಒಂದೂ ಇರಲಿಲ್ಲ. ದೋಹಾದಲ್ಲಿ ಕಾರಿಲ್ಲದ ಬೀದಿಯನ್ನು ನಾನು ನೋಡಿದ್ದು ಆ ಬೋರ್ಡಿನಲ್ಲಿ ಮಾತ್ರ.

ಕಟ್ಟಡದವರಿಗೆಲ್ಲ ತಲೆಬಿಸಿಯಾಯಿತು. ನನ್ನ ತಲೆಬಿಸಿ ಬೇರೆ. ನನ್ನ ಎರಡೂ ಮೊಣಕಾಲು ಕೆಟ್ಟಿವೆ. ಕಾರು ಹತ್ತಲು ಐದು ನಿಮಿಷ ಬೇಕು. ಮುಂದಿನ ಬೀದಿಯಲ್ಲಿ ಅರ್ಧ ನಿಮಿಷ ನಿಂತರೂ ಹಿಂದಿನವರು ಹಾರ್ನು ಹೊಡೆದು ಕಿವಿ ಹರಿಯುತ್ತಾರೆ. ಹಿಂದಿನ ಮಣ್ಣಿನಲ್ಲಾದರೆ ಒಂದು ಕಾಲು ಒಳಗಿಟ್ಟು, ಉಸಿರು ತೆಗೆದು, ಮತ್ತೊಂದನ್ನು ಎತ್ತಬಹುದು. ಆ ಜಾಗ ಹೋದರೆ ಶುಕ್ರವಾರ ಸಂಜೆ ಸಮುದ್ರದ ಬದಿಗೆ ಹೋಗುವುದೂ ಖಲಾಸ್. ವಾರವಿಡೀ ನಾಲ್ಕು ಗೋಡೆ, ಎ.ಸಿ., ಮತ್ತು ಸೊಸೆಯ ಮುಗಿಯದ ಫೋನು ಮಾತು.

ಕಟ್ಟಡದವರು ಸೇರಿ ಮುನಿಸಿಪಾಲಿಟಿಗೆ ತಕರಾರು ಅರ್ಜಿ ಹಾಕಿದರು. ದಿನಕ್ಕೆ ಎಷ್ಟು ಕಾರು ನಿಲ್ಲುತ್ತದೆಂದು ಎಣಿಸಿಡಿ, ಬಂದು ನೋಡುತ್ತೇನೆ ಎಂದು ಹಾಸ್ಟೆಲಿನ ಇಂಜಿನಿಯರ್ ಹೇಳಿ ಕಳಿಸಿದ. ಹಗಲು ಮನೆಯಲ್ಲಿರುವುದು ಯಾರು? ನಾನು. ಉಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವಳು, ಎಣಿಕೆ ತಪ್ಪುವುದಿಲ್ಲ ಎಂದು ಮಗ ನನ್ನನ್ನು ಕಿಟಕಿಯಲ್ಲಿ ಕೂರಿಸಿದ. ಮೂರು ದಿನ ಕೂತೆ. ನಮಾಜಿಗೆ, ಊಟಕ್ಕೆ ಮಾತ್ರ ಎದ್ದೆ.

ಶನಿವಾರ ಮಧ್ಯಾಹ್ನ ಇಂಜಿನಿಯರ್ ನಮ್ಮ ಮನೆಗೇ ಬಂದ. ಉಡುಪಿ ಕಡೆಯವನು, ಕನ್ನಡ ಬರುತ್ತಿತ್ತು. ಕಟ್ಟಡದ ಗಂಡಸರೆಲ್ಲ ಸೋಫಾ ತುಂಬಿದ್ದರು. ಮಗ ಡ್ಯೂಟಿಯಿಂದ ಓಡಿ ಬಂದು ನಾನು ಲೆಕ್ಕ ಬರೆದಿಟ್ಟ ಪುಸ್ತಕ ಬಿಡಿಸಿದ. ಅವನ ಮುಖ ಬಾಡಿತು.

"ಹತ್ತೊಂಬತ್ತಾ? ಉಮ್ಮಾ, ಅಲ್ಲಿ ಅರುವತ್ತು ಕಾರು ಉಂಟಲ್ಲ!"

"ಉಂಟು. ಉಳಿದದ್ದೆಲ್ಲ ರಿಜೆಕ್ಟ್."

ಯಾರಿಗೂ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಕಟ್ಟಿದ ಬೀಡಿ ಕೊಡಲು ಹೋಗುವ ಬ್ರಾಂಚಿನಲ್ಲಿ ಚೆಕ್ಕರ್ ಕೂರುತ್ತಾನೆ. ಸಡಿಲ ಬೀಡಿ, ಸೊಟ್ಟ ಬೀಡಿ, ಬಾಯಿ ಬಿಟ್ಟ ಬೀಡಿ ಎಲ್ಲ ತೆಗೆದು ಬಿಸಾಡುತ್ತಾನೆ. ಸರಿಯಾಗಿ ಕಟ್ಟಿದ್ದು ಮಾತ್ರ ಲೆಕ್ಕಕ್ಕೆ. ನಾನೂ ಹಾಗೆಯೇ ಎಣಿಸಿದೆ. ಅಡ್ಡ ನಿಂತದ್ದು, ಫುಟ್‌ಪಾತಿಗೆ ಎರಡು ಚಕ್ರ ಹತ್ತಿಸಿದ್ದು, ಇನ್ನೊಬ್ಬನ ದಾರಿ ಕಟ್ಟಿದ್ದು ಯಾವುದನ್ನೂ ಸೇರಿಸಲಿಲ್ಲ. ಬೇರೆ ರೀತಿ ಎಣಿಸುವುದು ನನಗೆ ಯಾರೂ ಕಲಿಸಿಲ್ಲ.

ಇಂಜಿನಿಯರ್ ನಕ್ಕು, ಹತ್ತೊಂಬತ್ತು ಎಂದು ಬರೆದುಕೊಂಡು ಎದ್ದ. ಇಷ್ಟು ಜಾಗ ಖಾಲಿ ಉಂಟಲ್ಲ, ನಿಮಗೆ ಎಂತ ತೊಂದರೆ ಎಂದ. ಗಂಡಸರೆಲ್ಲ ನನ್ನನ್ನು ನೋಡಿದ ನೋಟ ಏನು ಹೇಳಲಿ. ಮಗ ಮಾತ್ರ ನೋಡಲಿಲ್ಲ. ಶುಕ್ರವಾರವನ್ನು ನನ್ನ ಕೈಯಾರೆ ಕಳೆದುಕೊಂಡೆ ಎಂದುಕೊಂಡು ಪುಸ್ತಕ ಮುಚ್ಚಿಟ್ಟೆ.

ಹೋದವನು ಹತ್ತು ನಿಮಿಷದಲ್ಲಿ ಬೆವರಿ ತಿರುಗಿ ಬಂದ. ಅವನ ಕಾರಿಗೆ ಅಡ್ಡವಾಗಿ ಒಂದು ಬಿಳಿ ಪಿಕಪ್ ನಿಂತಿತ್ತಂತೆ. ಯಾರದ್ದು ಎಂದು ಎಲ್ಲರನ್ನೂ ಕೇಳಿದ. ನಾನು ಕಿಟಕಿಯಿಂದ ನೋಡಿದೆ.

"ನಮ್ಮದೇ" ಎಂದೆ.

ಪಾರ್ಕಿಂಗಿನ ಮೀಟಿಂಗಿಗೆ ತಡವಾಯಿತೆಂದು ಮಗ ಅಡ್ಡ ಬಿಟ್ಟು ಓಡಿ ಬಂದಿದ್ದ. ಕೀಲಿಕೈ ಹಿಡಿದು ಇಳಿದ. ನೋಡಿದರೆ ಅಷ್ಟರಲ್ಲಿ ಅವನ ಪಿಕಪ್ಪಿನ ಹಿಂದೆ ಒಂದು ನೀರಿನ ಬಾಟಲಿಯ ವ್ಯಾನು ನಿಂತಿದೆ, ಡ್ರೈವರ್ ಮಾಫಿ, ಎಲ್ಲಿಯೂ ಇಲ್ಲ. ಇಂಜಿನಿಯರ್ ವಾಪಸು ಬಂದು ಸೋಫಾದಲ್ಲಿ ಕೂತ. ಒಂದು ಗಂಟೆ ಕೂತ. ಎರಡು ಚಾ ಕುಡಿದ. ಮೂರನೆಯದು ಕೊಡುವಾಗ ನಾನು ಅವನನ್ನು ಕಿಟಕಿಗೆ ಕರೆದೆ. ಯಾವುದು ರಿಜೆಕ್ಟ್, ಯಾಕೆ ರಿಜೆಕ್ಟ್ ಎಂದು ಒಂದೊಂದಾಗಿ ತೋರಿಸಿದೆ.

"ನನ್ನದು?" ಎಂದು ಕೇಳಿದ.

"ನಿನ್ನದು ಮೊದಲನೇ ರಿಜೆಕ್ಟ್, ಮಗಾ. ಓರೆ ನಿಲ್ಲಿಸಿದ್ದಿ."

ಅವನು ಪೆನ್ನು ತೆಗೆದು ಹತ್ತೊಂಬತ್ತನ್ನು ಹೊಡೆದುಹಾಕಿ ಕಿಟಕಿಯಲ್ಲೇ ನಿಂತು ಹೊಸದಾಗಿ ಎಣಿಸಿದ. ತನ್ನದನ್ನೂ ಸೇರಿಸಿಕೊಂಡ.

ಅವನು ಬರೆದದ್ದರಿಂದಲೋ, ಮುನಿಸಿಪಾಲಿಟಿಯವರು ಹೇಳಿದ್ದರಿಂದಲೋ ನನಗೆ ಗೊತ್ತಿಲ್ಲ, ಬೋರ್ಡಿನ ಚಿತ್ರ ಬದಲಾಯಿತು. ಹಾಸ್ಟೆಲಿನ ಕಾರುಗಳಿಗೆ ನೆಲದಡಿಯಲ್ಲಿ ಎರಡು ಮಾಳಿಗೆ. ನಮ್ಮ ಗೋಡೆಯ ಬದಿಯಲ್ಲಿ ನಮಗೆ ಎಂಟು ಜಾಗ. ಕಟ್ಟಡದಲ್ಲಿ ಮನೆ ಇಪ್ಪತ್ತೆರಡು. ಹಾಸ್ಟೆಲಿನವರ ಜೊತೆ ಆಗದ ಜಗಳ ಆಮೇಲೆ ನಮ್ಮೊಳಗೆ ಆಯಿತು. ಮೊದಲನೇ ಮಾಳಿಗೆಯವ ತನ್ನ ರಕ್ತದೊತ್ತಡ ಹೇಳಿದ, ಮೂರನೆಯವ ಹೆಂಡತಿಯ ಬಸುರು ಹೇಳಿದ. ಮಗ ನನ್ನನ್ನೇ ನಡೆಸಿಕೊಂಡು ಹೋಗಿ ಎಲ್ಲರ ನಡುವೆ ನಿಲ್ಲಿಸಿದ. ಕುಂಟು ಅಂದು ಸ್ವಲ್ಪ ಜಾಸ್ತಿಯೇ ಇತ್ತು.

ಬಾಗಿಲಿಗೆ ಹತ್ತಿರದ ಜಾಗ ಮೊಣಕಾಲಿಗೆ ಸಿಕ್ಕಿತು. ಮಗನಿಗಲ್ಲ, ಇದನ್ನು ಅವನಿಗೆ ಆಗಾಗ ಹೇಳಬೇಕಾಗುತ್ತದೆ. ಶುಕ್ರವಾರ ಸಂಜೆ ಗಾಡಿ ನನಗೆ, ಅಂದು ಗೆಳೆಯರ ಜೊತೆ ಎಲ್ಲಿಗಾದರೂ ಹೋಗಬೇಕಿದ್ದರೆ ಅವನು ಟ್ಯಾಕ್ಸಿಯಲ್ಲಿ ಹೋಗುತ್ತಾನೆ. ನನ್ನನ್ನು ಸಮುದ್ರದ ಬದಿಗೆ ಸೊಸೆ ಕರೆದುಕೊಂಡು ಹೋಗುತ್ತಾಳೆ, ಫೋನಿನಲ್ಲಿ ಮಾತಾಡಿಕೊಂಡೇ.