ಖಾಲಿ ಬಿಟ್ಟ ಕೋಟೆ

ಎರಡನೇ ಪೆಟ್ಟಿಗೆಯ ಚೀಟಿಗಳನ್ನು ಎಣಿಸಿದ ಚುನಾವಣಾ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಮೊದಲಿಂದ ಎಣಿಸಿದರು. ಡೈರೆಕ್ಟರ್ ಚಿತ್ರಲಿಂಗಪ್ಪನ ಸ್ವಂತ ಊರು ಮೇಲಿನಹಟ್ಟಿಯ ಪೆಟ್ಟಿಗೆ ಅದು. ಒಟ್ಟು ಅರವತ್ತೊಂದು ಓಟು. ಚಿತ್ರಲಿಂಗಪ್ಪನಿಗೆ ಹದಿನಾಲ್ಕು, ಎದುರಾಳಿ ಮಾರಣ್ಣನಿಗೆ ನಲವತ್ತೇಳು.

ಚಿತ್ರಲಿಂಗಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹತ್ತು ನಿಮಿಷದ ಹಿಂದೆ ಇದೇ ಬಾಯಿ ನಗುತ್ತಿತ್ತು. ಮಾರಣ್ಣನ ಊರು ಬೇವಿನಹಟ್ಟಿಯ ಪೆಟ್ಟಿಗೆಯಲ್ಲಿ ಮೂವತ್ತೆಂಟರಲ್ಲಿ ಹದಿನೇಳು ಓಟು ಕಿತ್ತುಕೊಂಡಿದ್ದ. ವೈರಿಯ ಮನೆಯೊಳಗೇ ಅಷ್ಟು ಸಿಕ್ಕರೆ ಇನ್ನು ತನ್ನ ಮನೆಯಲ್ಲಿ ಕೇಳಬೇಕೆ ಎಂದು, ಹಾರ ತರಲು ಆಳು ಕಳಿಸಿಯೂ ಆಗಿತ್ತು.

"ಸಾರ್, ಪೆಟ್ಟಿಗೆ ಅದಲು ಬದಲಾಗೈತೆ. ಸರಿಯಾಗಿ ನೋಡ್ರಿ."

"ಸೀಲಿನ ಮೇಲೆ ನಿಮ್ಮದೇ ಸಹಿ ಐತಲ್ರಿ," ಎಂದರು ಅಧಿಕಾರಿ.

ಯಲ್ಲದಕೆರೆ ಕಡೆಯ ಕುರಿಗಾರರ ಸಂಘಕ್ಕೆ ಈ ಎರಡು ಹಟ್ಟಿಗಳಿಂದ ಒಬ್ಬ ಡೈರೆಕ್ಟರು. ಹತ್ತು ವರ್ಷ ಆ ಕುರ್ಚಿಯಲ್ಲಿ ಕುಂತವನು ಚಿತ್ರಲಿಂಗಪ್ಪ. ಹಿರಿಯೂರಿನ ಬಸ್ ಕಂಡಕ್ಟರು ಕೂಡ ಅವನನ್ನು 'ಡೈರೆಕ್ಟ್ರೇ' ಅಂತಲೇ ಕರೆಯುತ್ತಿದ್ದುದು. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಮೂರನೇ ಸಲವೂ ಆ ಕುರ್ಚಿ ತನ್ನದೇ ಆಗಬೇಕು, ಅದೊಂದೇ ಅವನಿಗಿದ್ದ ಆಸೆ.

ಕೆಟ್ಟದ್ದು ಶುರುವಾದದ್ದು ಒಂದು ಟಗರಿನಿಂದ. ಕಳೆದ ವರ್ಷ ಅವನ ಟಗರು ಅವನ ಮೊಣಕಾಲಿಗೇ ಗುದ್ದಿ, ಕಾಲಿಗೆ ಪಟ್ಟಿ ಬಿದ್ದು, ಡೈರೆಕ್ಟರು ಎರಡು ತಿಂಗಳು ಮಂಚ ಹಿಡಿದ. ಹಿರಿಯೂರಿನಲ್ಲಿ ನರ್ಸ್ ಆಗಿರುವ ಮಗಳು ಮೋನಿಕಾ, ಅಪ್ಪನ ಗೊಣಗಾಟ ತಾಳಲಾರದೆ ಅವನ ಫೋನಿಗೆ ಒಂದು ಆಟ ಹಾಕಿ ಕೊಟ್ಟಳು. ನಕ್ಷೆಯ ತುಂಬ ಕೋಟೆಗಳು. ಒಂದು ಸರದಿ ನಮ್ಮದು, ಒಂದು ಸರದಿ ಕಂಪ್ಯೂಟರಿನದು. ಕಂಪ್ಯೂಟರಿನ ರಾಜನಿಗೆ ಕೆಂಪು ಬಾವುಟ.

ಮೊದಲ ವಾರ ಸೋತ. ಎರಡನೇ ವಾರ ಕೆಂಪು ಬಾವುಟದವನ ಗುಣ ಪತ್ತೆ ಮಾಡಿದ. ಸಂತೆಯಲ್ಲಿ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವವನಿಗೆ ಇದೇನು ದೊಡ್ಡದಲ್ಲ. ಆ ರಾಜನಿಗೆ ಖಾಲಿ ಕೋಟೆ ಕಂಡರೆ ತಡೆಯಲಾಗದು. ಒಂದು ಕೋಟೆಯಿಂದ ಕಾವಲು ತೆಗೆದರೆ ಸಾಕು, ಇದ್ದಬದ್ದ ಸೈನ್ಯವನ್ನೆಲ್ಲ ಅತ್ತ ಹೊರಡಿಸುತ್ತಾನೆ. ಅವನು ಇನ್ನೊಂದೇ ಹೆಜ್ಜೆ ದೂರದಲ್ಲಿರುವಾಗ ಕಾವಲು ವಾಪಸ್ ತುಂಬಿದರೆ ತಿರುಗಿ ಮತ್ತೊಂದು ಖಾಲಿ ಕೋಟೆಯ ಕಡೆ ಹೊರಡುತ್ತಾನೆ. ಎರಡು ದೊಡ್ಡಿಯ ನಡುವೆ ಮಂದೆ ಓಡಾಡಿಸಿದ ಹಾಗೆ ನಲವತ್ತು ಸರದಿ ಓಡಾಡಿಸಬಹುದು. ಅಷ್ಟರಲ್ಲಿ ಅವನ ರಾಜಧಾನಿ ಬಾಗಿಲು ತೆರೆದು ಬಿದ್ದಿರುತ್ತದೆ, ನಾವು ಸುಮ್ಮನೆ ಒಳಗೆ ಹೋಗಿ ಕುಂತರಾಯಿತು. ನಿನ್ನೆ ಮೋಸ ಹೋದದ್ದು ಆ ರಾಜನಿಗೆ ಇವತ್ತು ನೆನಪಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ.

"ಲೇ ಮುರುಗಪ್ಪ, ಇವತ್ತು ಹದಿನಾಲ್ಕನೇ ಸಲ ಹೊಡೆದೆ ಕಣೋ, ಅದೇ ಪಟ್ಟು," ಎಂದು ಟೀ ಅಂಗಡಿಯಲ್ಲಿ ಫೋನು ತೋರಿಸುತ್ತಿದ್ದ.

"ಇಂಥ ಗಿರಾಕಿ ನನಗೊಬ್ಬ ಸಿಕ್ಕಿದ್ರೆ ಹೋಟ್ಲಿಗೆ ಮಹಡಿ ಕಟ್ಟಿಸ್ತಿದ್ದೆ," ಎನ್ನುತ್ತಿದ್ದ ಮುರುಗಪ್ಪ, ಸಕ್ಕರೆ ಕಡಿಮೆ ಹಾಕುತ್ತ.

ಚುನಾವಣೆ ಗೊತ್ತಾದಾಗ ಚಿತ್ರಲಿಂಗಪ್ಪನ ತಲೆಯಲ್ಲಿ ನಕ್ಷೆ ತಾನಾಗಿ ಬಿಚ್ಚಿಕೊಂಡಿತು. ಮೇಲಿನಹಟ್ಟಿ ತನ್ನ ಕೋಟೆ. ಬೇವಿನಹಟ್ಟಿ ಮಾರಣ್ಣನ ರಾಜಧಾನಿ. ತಾನು ಮೇಲಿನಹಟ್ಟಿಯಲ್ಲಿ ಒಂದು ಬಾಗಿಲಿಗೂ ಹೋಗದಿದ್ದರೆ, ಡೈರೆಕ್ಟರಿಗೂ ಊರಿಗೂ ಆಗಿಬರುತ್ತಿಲ್ಲ ಎಂದು ಮಾರಣ್ಣ ತಿಳಿಯುತ್ತಾನೆ, ಅರವತ್ತೊಂದು ಓಟಿನ ಆಸೆಗೆ ಅಲ್ಲೇ ಬಂದು ಬೀಳುತ್ತಾನೆ. ಆಗ ಬೇವಿನಹಟ್ಟಿ ಖಾಲಿ.

ಹಾಗೆಯೇ ಆಯಿತು. ಫೋನೇ ಇಲ್ಲದ ಮಾರಣ್ಣ, ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಚೀಲ ಹಿಡಿದು ಒಂಬತ್ತು ದಿನ ಮೇಲಿನಹಟ್ಟಿ ಸುತ್ತಿದ. ಆ ಒಂಬತ್ತು ದಿನವೂ ಚಿತ್ರಲಿಂಗಪ್ಪ ಬೇವಿನಹಟ್ಟಿಯಲ್ಲಿ ಮನೆ ಮನೆ ಹತ್ತಿ ಇಳಿದ. ಸಂಜೆ ದಾರಿಯಲ್ಲಿ ಇಬ್ಬರೂ ಎದುರಾದರೆ, "ಏನಪ್ಪ ಮಾರಣ್ಣ, ನಮ್ಮೂರ ನೀರು ಹಿಡಿಸ್ತಾ?" ಎಂದು ಕೇಳಿ, ಬೆನ್ನು ತಿರುಗಿಸಿದ ಮೇಲೆ ನಗುತ್ತಿದ್ದ.

ಇಷ್ಟು ಪಕ್ಕಾ ಪಟ್ಟಿನಲ್ಲಿ ನಲವತ್ತೇಳು ಎಲ್ಲಿಂದ ತೂರಿಕೊಂಡಿತು?

ಸಂಘದ ಆಫೀಸಿನ ಮೆಟ್ಟಿಲ ಮೇಲೆ ಕುಂತು ಮಗಳಿಗೆ ಫೋನು ಮಾಡಿದ. ಫಲಿತಾಂಶ ಹೇಳಿದ, ಪಟ್ಟಿನ ವಿಷಯವನ್ನೂ ಹೇಳಿದ.

"ಅಪ್ಪಾ, ಬೇಜಾರು ಮಾಡ್ಕಬ್ಯಾಡ. ಆ ಆಟನ ನಾನು ಈಸಿಗೆ ಇಟ್ಟಿದ್ದೆ."

"ಈಸಿ ಅಂದ್ರೆ?"

"ಚಿಕ್ಕ ಮಕ್ಕಳಿಗೆ ಇಡ್ತಾರಲ್ಲ, ಅದು. ನಿನಗೆ ಕಾಲು ನೋವು ಬೇರೆ ಇತ್ತು, ಮೇಲೆ ಸೋಲೂ ಯಾಕೆ ಅಂತ."

ಚಿತ್ರಲಿಂಗಪ್ಪ ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದ. ಪರಿಚಯದವರು ಯಾರೋ ಕೈಕೊಟ್ಟ ಹಾಗಿತ್ತು. ಆಳು ಹಾರ ತಂದು ಪಕ್ಕದಲ್ಲಿ ನಿಂತಿದ್ದ. "ಒಳಗೆ ಮಾರಣ್ಣ ಅವನೆ, ಅವನಿಗೆ ಹಾಕೋಗು," ಎಂದು ಕಳಿಸಿ ಮನೆಗೆ ನಡೆದ.

ಹೆಂಡತಿ ನಿಂಗಕ್ಕ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಸಂಘದಲ್ಲಿ ಅವಳ ಹೆಸರಿಗೂ ಷೇರಿದೆ, ಓಟಿದೆ.

"ಯಾರೋ ಕಣ್ಣಿಗೆ ಮಣ್ಣೆರಚಿದಾರೆ ಕಣೇ. ನಮ್ಮನೆ ಎರಡು ಓಟು ಬಿಟ್ರೆ ಹನ್ನೆರಡೇ ಬಂದಿರೋದು."

"ಹದಿಮೂರು," ಎಂದಳು ನಿಂಗಕ್ಕ, ಮೊರದಿಂದ ತಲೆ ಎತ್ತದೆ.

ಅವನಿಗೆ ಅರ್ಥವಾಗಲು ಎರಡು ಮೊರ ರಾಗಿ ಕೇರುವಷ್ಟು ಹೊತ್ತು ಬೇಕಾಯಿತು.

"ನೀನು?"

"ಮಾರಣ್ಣ ಬಂದಿದ್ದ. ಇದೇ ಕಟ್ಟೆ ಮ್ಯಾಲೆ ಕುಂತು, ನೀರು ಕುಡಿದು, ಎಲೆ ಅಡಿಕೆ ಮುಂದಿಟ್ಟ. 'ತಂಗೀ, ನಿನ್ನ ಗಂಡನ ಎದುರಿಗೇ ನಿಂತೀನಿ, ಕೇಳಾಕೆ ಬಾಯಿ ಬರವಲ್ದು, ಆದ್ರೂ ಕೇಳ್ತೀನಿ' ಅಂದ. ಎಲೆ ಇಸ್ಕಂಡ ಮ್ಯಾಲೆ ಇಲ್ಲ ಅನ್ನಾಕಾಯ್ತದಾ? ನೀವು ಕೇಳಿದ್ರಾ?"

"ಕಟ್ಕಂಡ ಹೆಂಡ್ತಿನ ಕೇಳ್ಬೇಕಾ?"

"ಹೋದ ಸಲ ಕೇಳಿದ್ರಿ. ಅದರ ಹಿಂದಿನ ಸಲನೂ ಕೇಳಿದ್ರಿ."

ಹೌದು, ಕೇಳಿದ್ದ. ಈ ಹಟ್ಟಿಗಳಲ್ಲಿ ಓಟು ಕೇಳುವುದೂ ಮದುವೆಗೆ ಕರೆಯುವುದೂ ಒಂದೇ ರೀತಿ. ಒಂದೇ ಗೋಡೆಯ ಆಚೆ ಈಚೆ ಇರುವ ಅಣ್ಣತಮ್ಮಂದಿರಾದರೂ ಹೊಸಿಲ ಮುಂದೆ ನಿಂತು, ಎಲೆ ಅಡಿಕೆ ಕೊಟ್ಟು, ಬಾಯಿ ಬಿಟ್ಟು ಕೇಳಬೇಕು. ಕೇಳದವನಿಗೆ ಹಾಕಿದರೆ ತಮ್ಮ ಓಟಿಗೆ ಬೆಲೆಯಿಲ್ಲ ಎಂದು ತಾವೇ ಒಪ್ಪಿಕೊಂಡಂತೆ. ಹುಟ್ಟಿದಾಗಿನಿಂದ ಗೊತ್ತಿದ್ದ ಈ ಮಾತು ಎರಡು ತಿಂಗಳ ಮಂಚದಲ್ಲಿ ಎಲ್ಲಿ ಉದುರಿಹೋಯಿತೋ. ಆಟದಲ್ಲಿ ಕೋಟೆಯನ್ನು ಯಾರೂ ಮಾತಾಡಿಸುವುದಿಲ್ಲ. ಬಿಟ್ಟುಹೋದರೂ ನಮ್ಮ ಬಾವುಟ ಹಿಡಿದೇ ನಿಂತಿರುತ್ತದೆ.

ಆ ಸಂಜೆ ಉಣ್ಣಲಿಲ್ಲ. ಬೆಳಗ್ಗೆ ಎದ್ದು, ಯಾಕೆಂದು ತನಗೂ ಗೊತ್ತಾಗದೆ, ಬೀದಿಯ ಮೊದಲ ಮನೆಗೆ ಹೋದ. ಅದು ಗಂಗಕ್ಕನದು, ಎಪ್ಪತ್ತು ದಾಟಿದ ಒಂಟಿ ಮುದುಕಿ.

"ಬರ್ರಿ ಡೈರೆಕ್ಟ್ರೇ," ಎಂದ ಗಂಗಕ್ಕ ನಾಲಿಗೆ ಕಚ್ಚಿಕೊಂಡಳು. "ಬಾರಪ್ಪ ಚಿತ್ರಲಿಂಗ, ಕುಂತ್ಕ."

ತನ್ನ ಹೆಸರು ಕೇಳಿ ಅವನಿಗೆ ಬೇರೆ ಯಾರನ್ನೋ ಕರೆದಂತಾಯಿತು. ಕುಂತ. ಗಂಗಕ್ಕ ಮಜ್ಜಿಗೆ ತಂದುಕೊಟ್ಟಳು.

"ಯಾರಿಗೆ ಹಾಕ್ದೆ ಅಂತ ಕೇಳಾಕೆ ಬಂದ್ಯಾ?"

"ಇಲ್ಲಕ್ಕ, ಸುಮ್ನೆ."

"ಓಟಿನ ಮುಂಚೆ ಒಂಬತ್ತು ದಿನ ಕಾದೆ ಕಣಪ್ಪ. ನೀರಿಗೆ ಹೋಗುವಾಗ ಚಿಲಕ ಹಾಕ್ದಲೇ ಹೋದೆ. ನೀನು ಬಂದು, ಬಾಗಿಲು ಹಾಕೈತೆ ಅಂತ ವಾಪಸ್ ಹೋಗಿಬಿಟ್ರೆ ಅಂತ. ಮಾರಣ್ಣ ಮೂರು ಸಲ ಬಂದ. ಎಲೆ ಮುಟ್ಟಲಿಲ್ಲ ನಾನು."

ಚಿತ್ರಲಿಂಗಪ್ಪ ಬಾಯಿಗೆ ಹಿಡಿದ ಲೋಟವನ್ನು ಇಳಿಸಿದ.

"ಆ ಹದಿನಾಕರಾಗೆ ಒಂದು ನಂದು. ಬಂದು ಕೇಳ್ದಲೇ ಇದ್ದೋರಿಗೆ ಹಾಕಿದ್ದು ಇದೇ ಮೊದಲು. ಬೂತಿನಿಂದ ಬರುವಾಗ ತಲೆ ತಗ್ಗಿಸ್ಕಂಡು ಬಂದೆ," ಎಂದಳು ಗಂಗಕ್ಕ. "ಇನ್ನೊಂದು ಸಲ ಹಾಕಾಕಿಲ್ಲ ನೋಡು."

ಅವನು ಲೋಟ ಕೆಳಗಿಟ್ಟ. ಪಕ್ಕದ ಮನೆಯವಳು ಬಾಗಿಲಿಗೆ ಬಂದು, ಅವನನ್ನು ಕಂಡು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಳು. ಅವಳೂ ಕಾದಿದ್ದಳೋ ಇಲ್ಲವೋ, ಕೇಳುವ ಧೈರ್ಯ ಅವನಿಗೆ ಬರಲಿಲ್ಲ.