ಹನ್ನೆರಡನೇ ಫ್ರೆಟ್ಟಿನ ತಂಟೆ

ಹೆರಿಗೆಯಲ್ಲಿ ಕೂಸಿನ ಹಿಂದೆಯೇ ತಾಯಿಯ ಕಿವಿಯೂ ಜಾರಿ ಹೋಗಿಬಿಡುತ್ತದೆಯೇ? ಬೀದರಿನ ಸಾನಿಕಾಳಿಗೆ ಒಂದು ವಾರದಿಂದ ಇದೇ ಚಿಂತೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಕೂದಲು ಉದುರುತ್ತದೆ, ನಿದ್ದೆ ಹಾರುತ್ತದೆ, ಗಂಡನ ಮುಖ ಕಂಡರೆ ಸಿಟ್ಟು ಬರುತ್ತದೆ ಎಂದೆಲ್ಲ ಇತ್ತು. ಶ್ರುತಿಜ್ಞಾನ ಕೆಡುತ್ತದೆ ಎಂದು ಎಲ್ಲೂ ಇರಲಿಲ್ಲ. ಅದಕ್ಕೇ ಹೆದರಿಕೆ ಇನ್ನೂ ಹೆಚ್ಚಾಯಿತು: ಇದು ತನಗೊಬ್ಬಳಿಗೇ ಬಂದ ರೋಗವಿರಬೇಕು.

ಸಾನಿಕಾ ಹೈದರಾಬಾದಿನಲ್ಲಿ ಓದಿದವಳು, ಕಾಲೇಜಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಹಿಡಿದವಳು. ನಾಲ್ಕು ದಪ್ಪ ತಂತಿಯ, ಒನಕೆಯಂಥ ಆ ವಾದ್ಯ ಮದುವೆಯಲ್ಲಿ ಪಾತ್ರೆ ಪಡಗದ ಜೊತೆ ಬೀದರಿಗೆ ಬಂತು. ಭಾಲ್ಕಿಯಲ್ಲಿ ವಚನ ಗಾಯನದ ತಂಡ ನಡೆಸುವ ಪ್ರಮಿಲಕ್ಕ, "ನಮ್ಮ ತಂಡದಾಗ ಗಿಟಾರ್ ಅದ ಅಂದ್ರ ಯಾರೂ ನಡುವ ಎದ್ದು ಊಟಕ್ಕ ಹೋಗಂಗಿಲ್ಲ" ಎಂದು ಅವಳನ್ನು ಕರೆದುಕೊಂಡಿದ್ದಳು. ಬಸುರಿಯಾದಾಗ ಬಿಟ್ಟದ್ದು. ಈಗ ಕೂಸಿಗೆ ಎಂಟು ತಿಂಗಳಾಯಿತೆಂದು ದಸರೆಯ ಮರುದಿನ ಭಾಲ್ಕಿಗೆ ತಾಲೀಮಿಗೆ ಹೋದಳು. ಕೆಳಗಿನ ಸ್ವರಗಳೆಲ್ಲ ನೆಟ್ಟಗಿದ್ದವು. ಕೈ ಗಿಟಾರಿನ ಕತ್ತಿನ ಅಡ್ಡಪಟ್ಟಿ, ಅಂದರೆ ಫ್ರೆಟ್ಟುಗಳ ಮೇಲೇರಿ ಹನ್ನೆರಡನೆಯದರ ಹತ್ತಿರ ಹೋಯಿತೋ ಇಲ್ಲವೋ, ಹಾಲು ಒಡೆದ ಹಾಗೆ ಎಲ್ಲವೂ ಬೇಸುರ. ಹಾರ್ಮೋನಿಯಂ ನುಡಿಸುವ ಯೂಸುಫ್ ಭಾಯಿ ಮುಖ ಹಿಂಡಿ, ತಲೆ ತಗ್ಗಿಸಿ, ತಮ್ಮ ಪೆಟ್ಟಿಗೆಯನ್ನೇ ನೋಡಿದರು. ಪಾಪ, ಮರ್ಯಾದಸ್ಥರು, ನನ್ನ ಮುಖ ನೋಡಿ ಅವಮಾನ ಮಾಡಬಾರದೆಂದು ಹಾಗೆ ಮಾಡಿದರು ಎಂದುಕೊಂಡಳು ಸಾನಿಕಾ.

ಭಾನುವಾರ ಕಾರ್ಯಕ್ರಮ. "ಬರ್ತಿಯೋ ಇಲ್ಲೋ ಇವತ್ತ ಹೇಳು. ಇಲ್ಲಂದ್ರ ಕೀಬೋರ್ಡಿನವಗ ಹೇಳ್ತೇನಿ" ಎಂದು ಪ್ರಮಿಲಕ್ಕನ ಮೆಸೇಜು ಬಂದಿತ್ತು. ಕೀಬೋರ್ಡಿನವನು ಎಡಗೈಯಿಂದ ಅದೇ ಸ್ವರ ಒತ್ತಿಬಿಟ್ಟರೆ, ಬೇಸ್ ಗಿಟಾರಿಲ್ಲದೆಯೂ ತಂಡ ನಡೆಯುತ್ತದೆ ಎಂಬ ಗುಟ್ಟು ರಟ್ಟಾಗುತ್ತದೆ. ಆಮೇಲೆ ಸಾನಿಕಾ ಜನ್ಮವಿಡೀ ರಾಗಿ ಗಂಜಿ ತಿರುವುತ್ತ ಕೂರಬೇಕು.

ಪರೀಕ್ಷೆಯೊಂದು ಅವಳಿಗೆ ಗೊತ್ತಿತ್ತು. ಹನ್ನೆರಡನೇ ಫ್ರೆಟ್ಟು ತಂತಿಯ ನಟ್ಟನಡು. ಅಲ್ಲಿ ಬೆರಳು ಬರೀ ತಾಕಿಸಿ ಮೀಟಿದರೆ ಗಂಟೆಯಂಥ ದನಿ. ಒತ್ತಿ ಮೀಟಿದರೂ ಅದೇ ಸ್ವರ ಬರಬೇಕು. ಬಂತೋ ಇಲ್ಲವೋ ಶ್ರುತಿ ಅಳೆಯುವ ಫೋನಿನ ಟ್ಯೂನರ್ ಹೇಳುತ್ತದೆ. ಆದರೆ ಬಂತು ಎಂದು ಹೇಳಿಬಿಟ್ಟರೆ? ಕಿವಿಯೇ ಕೆಟ್ಟದ್ದೆಂದು ಮುದ್ರೆ ಬಿದ್ದ ಹಾಗೆ. ಹಾಗಾಗಿ ಕೂಸು ಮಲಗಿದಾಗ ಅವಸರದಲ್ಲಿ ಹೊಸ ತಂತಿ ಹಾಕಿದಳು, ದೇವರಿಗೆ ಹರಕೆ ಹೊತ್ತಳು, ಪರೀಕ್ಷೆ ಮಾತ್ರ ಮಾಡಲಿಲ್ಲ.

ಇವತ್ತು ಕೂಸು ಅಂಬೆಗಾಲಿಟ್ಟು ಹೋಗಿ ಗಿಟಾರಿನ ಬುಡಕ್ಕೆ ಬಾಯಿ ಹಚ್ಚಿ ಜೊಲ್ಲು ಸುರಿಸಿತು. ಒರೆಸಿದರೆ ಬಟ್ಟೆ ಕೆಂಪಾಯಿತು. ರಕ್ತ! ಸಾನಿಕಾ ಕೂಸಿನ ತುಟಿ ಎತ್ತಿ, ವಸಡು ಸವರಿ, ಡಾಕ್ಟರ ನಂಬರು ಹುಡುಕುವಷ್ಟರಲ್ಲಿ ಕಣ್ಣಿಗೆ ಬಿತ್ತು: ತಂತಿಗಳ ಕೊನೆಯಲ್ಲಿರುವ ನಾಲ್ಕು ಸಣ್ಣ ಸ್ಕ್ರೂಗಳ ತಲೆಯ ತುಂಬ ಕುಂಕುಮ.

"ಅತ್ತೀ!"

ಅತ್ತೆ ವಿಮಲಾಬಾಯಿ ಔರಾದ ಕಡೆಯ ಡಾಬಕಾದಿಂದ ಮೊಮ್ಮಗನ ಆರೈಕೆಗೆ ಬಂದಿದ್ದಳು. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವಾಕೆ. ಒಮ್ಮೆ ಬೋಲ್ಟು ಸಡಿಲಾಗಿ, ಬೆಲ್ಟು ಹಾರಿ, ಪಾಟೀಲರ ರುಮಾಲನ್ನು ಹಿಟ್ಟಿನ ಡಬ್ಬಿಗೆ ಕೆಡವಿದಂದಿನಿಂದ ಲೋಕದಲ್ಲಿ ಸಡಿಲವಾಗಿರುವುದು ಯಾವುದೂ ಆಕೆಗೆ ಸೇರದು. ಕುಕ್ಕರಿನ ಹಿಡಿಕೆ, ಕದದ ಚಿಲಕ, ಮಗ ಕಪಿಲನ ಕನ್ನಡಕ, ಎಲ್ಲವೂ ಆಕೆಯ ಸ್ಕ್ರೂಡ್ರೈವರಿನ ರುಚಿ ಕಂಡವೇ. ಮುಂಜಾನೆ ಎದ್ದರೆ ಬಾಯಲ್ಲಿ ಬಸವಣ್ಣ. ದಸರೆಯಲ್ಲಿ ಆಯುಧಗಳ ಖಂಡೆಪೂಜೆ ಬಂದರೆ ಮಿಕ್ಸರಿನ ಮುಂದೆಯೂ ನಿಂಬೆಹಣ್ಣು.

"ಖಂಡೆಪೂಜಿ ದಿನ ಇದಕ್ಕೂ ಪೂಜಿ ಮಾಡೀನಿ. ಮರದ ಮ್ಯಾಲಿಂದು ಒರಸೀನೂ. ಏನಾಯ್ತು ಈಗ?"

"ಪೂಜಿ ಇರ್ಲಿರಿ. ಈ ಸ್ಕ್ರೂ ತಿರುವೀರೇನು?"

"ಮತ್ತ? ಎಲ್ಲಾ ಸಡ್ಲ ಇದ್ದವು. ಕಚ್ಚಿ ಬಿಗದೀನಿ. ಈ ಮನ್ಯಾಗ ಯಾರಿಗಿ ಖಬರ್ ಅದ?"

"ಅವು ಬಿಗಿಲಿಕ್ಕ ಅಲ್ರಿ ಅತ್ತಿ! ತಂತಿ ಕೂಡೋ ಈ ಕುದುರಿ ಅದಾವಲ್ಲ, ಇವನ್ನ ಹಿಂದ ಮುಂದ ಸರಸ್ಲಿಕ್ಕ."

"ಸರಸ್ಲಿಕ್ಕ ಸ್ಕ್ರೂ ಯಾಕ ಬೇಕು? ಕೈ ಇಲ್ಲೇನು?"

ಸಾನಿಕಾ ಪರೀಕ್ಷೆ ಮಾಡಿಯೇಬಿಟ್ಟಳು. ತಾಕಿಸಿ ಮೀಟಿದರೆ ಟ್ಯೂನರಿನ ಮುಳ್ಳು ನಟ್ಟನಡು. ಒತ್ತಿ ಮೀಟಿದರೆ ಎಡಕ್ಕೆ ಬಿತ್ತು. ಸ್ವರ ಇಳಿದಿದೆ. ಕಿವಿ ಬದುಕಿದೆ! ಅತ್ತೆಯನ್ನು ಬಯ್ಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ.

"ಕೊಡ್ರಿ ನಿಮ್ಮ ಸ್ಕ್ರೂಡ್ರೈವರ್."

ಸ್ಕ್ರೂ ಬಿಗಿದಷ್ಟೂ ಕುದುರೆ ಹಿಂದಕ್ಕೆ ಸರಿದು ತಂತಿ ಉದ್ದವಾಗಿತ್ತು. ಅದನ್ನು ಮತ್ತೆ ಫ್ರೆಟ್ಟುಗಳ ಕಡೆ ತರಬೇಕು. ತಂತಿ ಇಳಿಸಿ, ಸ್ಕ್ರೂ ಎಡಕ್ಕೆ ಇಷ್ಟೇ ಇಷ್ಟು ತಿರುವಿ, ಕುದುರೆಯನ್ನು ಬೆರಳಿಂದ ಮುಂದೆ ನೂಕಿ, ತಂತಿಯನ್ನು ಪುನಃ ಶ್ರುತಿಗೆ ಏರಿಸಿ, ತಾಕಿಸಿ, ಒತ್ತಿ ನೋಡಬೇಕು. ಸಾಲದಿದ್ದರೆ ಮತ್ತೆ ಇಳಿಸಬೇಕು. ಮೊಮ್ಮಗನನ್ನು ಕಂಕುಳಲ್ಲಿಟ್ಟುಕೊಂಡ ವಿಮಲಾಬಾಯಿ ಒಂದೊಂದು ತಿರುವಿಗೂ ಯಾರೋ ತನ್ನ ಹಲ್ಲನ್ನೇ ಸಡಿಲಿಸುತ್ತಿರುವಂತೆ ಮುಖ ಕಿವುಚಿದಳು.

"ಸಾಕ್ ಸಾಕು, ಬಿಚ್ಚಿ ಬೀಳ್ತದ."

"ಬೀಳಂಗಿಲ್ರಿ."

"ಗಿರಣಿ ಬೆಲ್ಟೂ ಹಿಂಗೇ ಅಂದಿತ್ತು."

ನಾಲ್ಕನೇ ತಂತಿಯೂ ಹದಕ್ಕೆ ಬಂದಾಗ ಕೂಸು ನಿದ್ದೆ ಹೋಗಿತ್ತು, ಅತ್ತೆ ಸಿಟ್ಟಾಗಿದ್ದಳು, ತಾಕಿಸಿದ ದನಿ, ಒತ್ತಿದ ದನಿ ಎರಡೂ ಒಂದಾಗಿದ್ದವು. ಸಾನಿಕಾ ಒಂದು ವಾರದಿಂದ ಹಚ್ಚದ ಫೋನು ಹಚ್ಚಿದಳು.

"ಪ್ರಮಿಲಕ್ಕಾ, ಭಾನುವಾರ ನಾನೇ ಬರ್ತೇನಿ. ಆವತ್ತ ಬೇಸುರ ಆಯ್ತಲ್ರಿ, ಅದು ನನ್ನ ಗಿಟಾರಿಂದ. ಈಗ ಸರಿ ಮಾಡೀನಿ."





"ಬಾ ಯವ್ವ, ಬಾ. ಆದ್ರ ಅದು ನಿಂದಿತ್ತೇನು?" ಪ್ರಮಿಲಕ್ಕನ ದನಿ ಪಿಸುಮಾತಿಗಿಳಿಯಿತು. "ಅಯ್ಯ ಶಿವನ! ಯೂಸುಫ್ ಭಾಯಿ ತಮ್ಮ ಪೆಟ್ಟಿಗಿ ಕೆಟ್ಟದ ಅಂತ ಪೂರಾ ಬಿಚ್ಚಿ ಹರವಿಕೊಂಡು ಕೂತಾರ. ನಿನ್ನಿ ಕಿವಿ ಡಾಕ್ಟರಿಗೂ ತೋರಿಸಿ ಬಂದ್ರು. ತಡಿ, ಇಲ್ಲೇ ಅದಾರ, ನೀನೇ ಹೇಳು."

ಸಾನಿಕಾ ಫೋನನ್ನು ಸೀದಾ ಅತ್ತೆಯ ಕೈಗೆ ತುರುಕಿದಳು.

"ಹಲೋ, ಯಾರ್ರಿ?" ಎಂದಳು ವಿಮಲಾಬಾಯಿ. ಒಂದು ಗಳಿಗೆ ಕೇಳಿಸಿಕೊಂಡಳು. ಆಕೆಯ ಮುಖ ಅರಳಿತು. "ಪೆಟ್ಟಿಗೀನಾ? ಅದ್ರಾಗ ಸ್ಕ್ರೂ ಎಷ್ಟವ?"