ಲಾರಿ ಭೈರ ಕುಡಿಯುವುದಿಲ್ಲ

ನಾನೂ ಒಂದು ಸಿನಿಮಾ ಬರೆದಿದ್ದೇನೆ ಎಂದು ನೆಂಟರ ಮುಂದೆ ಬಾಯಿ ತೆರೆದರೆ ಸಾಕು, ನನ್ನ ಹೆಂಡತಿ ಕಾಫಿ ತರುವ ನೆವದಲ್ಲಿ ಎದ್ದು ಒಳಗೆ ಹೋಗುತ್ತಾಳೆ. ಕಾಫಿಯೂ ಬರುವುದಿಲ್ಲ, ಅವಳೂ ಬರುವುದಿಲ್ಲ. ಅವಳದೇನೂ ತಪ್ಪಿಲ್ಲ ಬಿಡಿ. ಆ ಸಿನಿಮಾ ಯಾವ ಟಾಕೀಸಿನಲ್ಲೂ ಓಡಲಿಲ್ಲ. ಅದರ ವಿಷಯ ಎತ್ತಿದಾಗಲೆಲ್ಲ ನನ್ನ ಮುಖ ಒಂದು ವಾರ ಗಂಟಿಕ್ಕಿಕೊಂಡಿರುತ್ತದೆ. ನೀವು ನೆಂಟರಲ್ಲವಲ್ಲ, ಆದ್ದರಿಂದ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಮ್ಮ ಘಾಟಿಯಲ್ಲೇ ತೆಗೆದ ಒಂದು ಸಿನಿಮಾ ಬಂತು. ಹೀರೋ ಲಾರಿ ಡ್ರೈವರ್, ಹೆಸರು ಭೈರ. ಯಾರು ಗ್ಲಾಸು ನೀಡಿದರೂ ಪಕ್ಕಕ್ಕೆ ಸರಿಸಿ, "ಕುಡಿದ ಕೈ ಸ್ಟೇರಿಂಗ್ ಮುಟ್ಟಬಾರದು" ಅನ್ನುತ್ತಿದ್ದ. ಜನ ಶಿಳ್ಳೆ ಹೊಡೆದೂ ಹೊಡೆದೂ ತುಟಿ ಒಡೆದುಕೊಂಡರು. ಆದರೆ ಕೊನೆಗೆ ಆ ಪುಣ್ಯಾತ್ಮ ಕೇಡಿಯ ಸಮೇತ ಲಾರಿಯನ್ನು ಪ್ರಪಾತಕ್ಕೆ ಬಿಟ್ಟುಬಿಟ್ಟ. ನಮ್ಮ ಎಸ್ಟೇಟಿನ ಆಳುಗಳ ಲೈನ್ ಮನೆಗಳಲ್ಲಿ ಅವತ್ತು ಅರ್ಧ ಜನ ಊಟ ಮಾಡಲಿಲ್ಲ. ಸತ್ತವನನ್ನು ಬದುಕಿಸದೆ ಇರಲು ನಮ್ಮಿಂದಾಗಲಿಲ್ಲ, ಅಷ್ಟೇ.

ನಾನು ಆಗ ಹೆಗ್ಗದ್ದೆ ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕುವ ರೈಟರ್. ಪೆನ್ನು ಹಿಡಿಯುವವನು ನಾನೊಬ್ಬನೇ ಆದ್ದರಿಂದ, ನಾವೇ ತೆಗೆಯಲು ಹೊರಟ ಎರಡನೇ ಭಾಗದ ಕಥೆ ನನ್ನ ಕೊರಳಿಗೆ ಬಿತ್ತು. ಪ್ರಪಾತಕ್ಕೆ ಬಿದ್ದ ಭೈರನನ್ನು ಒಂದು ಮರದ ಕೊಂಬೆಯಲ್ಲಿ ನೇತುಹಾಕಿ ಉಳಿಸಿಕೊಂಡೆ. ಸಕಲೇಶಪುರದಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದ ನಯಾಜ್ ಕ್ಯಾಮೆರಾ ತಂದ. ಅವನ ಮಿಕ್ಸಿಂಗ್ ಮೆಷಿನ್ನಿನಲ್ಲಿ ಇದ್ದದ್ದೆಲ್ಲ ಮದುವೆಯ ಎಫೆಕ್ಟುಗಳೇ. ಭೈರ ಕೇಡಿಯ ಮೂತಿಗೆ ಗುದ್ದಿದ ಕೂಡಲೇ ಪರದೆ ಹೃದಯದ ಆಕಾರದಲ್ಲಿ ತೆರೆದುಕೊಂಡು ಗುಲಾಬಿ ಎಸಳು ಉದುರುತ್ತಿದ್ದವು. "ಏನ್ಮಾಡ್ಲಿ ಸಾರ್, ಮೆಷಿನ್ನೇ ಹಂಗೈತೆ" ಎಂದ.

ಎಸ್ಟೇಟ್ ಜೀಪಿನ ಡ್ರೈವರ್ ಪುಟ್ಟಸ್ವಾಮಿ ಭೈರನಾದ. ಎಡಗಡೆಯಿಂದ ನೋಡಿದರೆ ಥೇಟ್ ಆ ಸ್ಟಾರು. ಬಲಗಡೆಯಿಂದ ನೋಡಿದರೆ ಬರೀ ಪುಟ್ಟಸ್ವಾಮಿ. ಹಾಗಾಗಿ ನಮ್ಮ ಸಿನಿಮಾದಲ್ಲಿ ಭೈರನ ಬಲಗೆನ್ನೆಯನ್ನು ಕಂಡವರಿಲ್ಲ. ಈ ಪುಟ್ಟಸ್ವಾಮಿ ಮಹಾ ಕುಡುಕ. ಹೆಂಡತಿ ಜಯಮ್ಮ, ನಮ್ಮಲ್ಲೇ ಕಾಫಿ ಕೊಯ್ಯುವವಳು, ಅವನ ಕುಡಿತ ಬಿಡಿಸಲು ಹೊರದ ಹರಕೆಯಿಲ್ಲ. ಅಂಥವನು ಶೂಟಿಂಗ್ ಶುರುವಾದ ದಿನ ತಾನಾಗಿಯೇ ಬಿಟ್ಟ. "ಭೈರ ಕುಡಿಯಲ್ಲ ಕಣ್ರೀ ರೈಟ್ರೇ. ಬಾಯಲ್ಲಿ ವಾಸ್ನೆ ಇಟ್ಕಂಡು ಆ ಡೈಲಾಗು ಹೆಂಗ್ ಹೊಡೀಲಿ?" ಅಂದ.

ಶೂಟಿಂಗ್ ಮುಗಿಯಿತು, ಅವನು ಮತ್ತೆ ಮುಟ್ಟಲಿಲ್ಲ. ಗಣಪತಿ ಹಬ್ಬಕ್ಕೆ ಕಾಫಿ ಒಣಗಿಸುವ ಕಣದಲ್ಲಿ ಟಿವಿ ಇಟ್ಟು ಸಿನಿಮಾ ತೋರಿಸಿದೆವು. ಕುಂದೂರಿನಿಂದಲೂ ಜನ ಟ್ರ್ಯಾಕ್ಟರ್ ಮಾಡಿಕೊಂಡು ಬಂದರು. ಆಮೇಲೆ ಎಲ್ಲಿ ಹೋದರೂ ಅವನು ಭೈರಣ್ಣ. ಭೈರಣ್ಣ ಅನ್ನಿಸಿಕೊಂಡವನು ಸಾರಾಯಿ ಅಂಗಡಿಯ ಮುಂದೆ ನಿಲ್ಲುವುದು ಹೇಗೆ? ಜಯಮ್ಮ ಒಂದು ನಾಟಿ ಕೋಳಿ ಹಿಡಿದುಕೊಂಡು ಬಸ್ಸು ಹತ್ತಿ ಹೋಗಿ ನಯಾಜನಿಗೆ ಕೊಟ್ಟು ಬಂದಳು. ನನಗೆ ಕೊಡಲಿಲ್ಲ. ಬರೆದವನನ್ನು ಯಾರೂ ನೆನೆಯುವುದಿಲ್ಲ ಎಂಬುದು ನನಗೆ ಅವತ್ತೇ ತಿಳಿಯಿತು.

ಕಥೆಗೊಬ್ಬ ಒಡೆಯನಿರುತ್ತಾನೆ ಎಂಬುದು ಮಾತ್ರ ಆಗ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ ಹೇಳಿ? ಪುರಾಣದ ರಾಜಕುಮಾರರು ವನವಾಸಕ್ಕೆ ಬಂದವರು ನಮ್ಮ ಕಡೆಯ ಒಂದು ಗುಡ್ಡವನ್ನೂ ಬಿಡದೆ ತಂಗಿದ್ದಾರೆ. ಇಲ್ಲಿ ಮೊಣಕಾಲೂರಿದರು, ಅಲ್ಲಿ ಅಕ್ಕಿ ತೊಳೆದರು ಎಂದು ಅಜ್ಜಿಯರು ಬಂಡೆ ತೋರಿಸುತ್ತಿದ್ದರು. ಮೂಲ ಗ್ರಂಥದಲ್ಲಿ ನಮ್ಮ ಆಲೂರಿನ ಸುದ್ದಿಯೇ ಇಲ್ಲ. ಅದಕ್ಕಾಗಿ ಯಾವ ಋಷಿಯೂ ಕಮಂಡಲ ಎತ್ತಿಕೊಂಡು ಜಗಳಕ್ಕೆ ಬರಲಿಲ್ಲ. ಸಿನಿಮಾ ಕಂಪನಿಯವರು ಋಷಿಗಳಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪನಿಯವರೇ ಎರಡನೇ ಭಾಗ ತೆಗೆದರು. ಅದು ಬರುವ ಮುಂಚೆಯೇ ಆ ಸ್ಟಾರಿನ ಅಭಿಮಾನಿ ಸಂಘದ ಹುಡುಗರು ನಯಾಜನ ಅಂಗಡಿಗೆ ಹೋಗಿ, "ಅಸಲಿ ಬರ್ತೈತೆ, ನಿಮ್ದು ಒಳಗಿಡಿ" ಎಂದು ನಮ್ಮ ಕ್ಯಾಸೆಟ್ಟನ್ನು ಬಾಡಿಗೆಗೆ ಕೊಡುವುದನ್ನು ನಿಲ್ಲಿಸಿದರು. ನಾವೂ ಅದೇ ಸಂಘದವರೇ, ಏನು ಹೇಳುವುದು? ಮೊದಲ ದಿನವೇ ಸಕಲೇಶಪುರದ ಟಾಕೀಸಿಗೆ ಹೋದೆವು. ಭೈರ ಸತ್ತಿರಲಿಲ್ಲ! ನಾವು ಬದುಕಿಸಿದ ಹಾಗೆ ಅವರೂ ಬದುಕಿಸಿದ್ದರು. ಪುಟ್ಟಸ್ವಾಮಿ ಸೀಟಿನ ಮೇಲೆ ಹತ್ತಿ ನಿಂತು ಶಿಳ್ಳೆ ಹಾಕಿದ. ಅಷ್ಟರಲ್ಲಿ ಹಾಡು ಶುರುವಾಯಿತು. ದೊಡ್ಡ ಬಾರು, ಬಣ್ಣದ ದೀಪ, ಭೈರನ ಕೈಯಲ್ಲಿ ಗ್ಲಾಸು. ಒಂದೇ ಗುಟುಕಿಗೆ ಖಾಲಿ ಮಾಡಿ ಕುಣಿದ. ಪುಟ್ಟಸ್ವಾಮಿ ಮೆಲ್ಲಗೆ ಇಳಿದು ಕೂತ.

ವಾಪಸು ಬರುವಾಗ ಜೀಪಿನಲ್ಲಿ ಒಂದೇ ಮಾತಾಡಿದ: "ನಮ್ದು ಸುಳ್ಳಾಗ್ಬುಡ್ತು ರೈಟ್ರೇ." ಆ ವಾರವೇ ಕುಡಿಯಲು ಶುರು ಮಾಡಿದ. ಬೈದರೆ, "ಒರಿಜಿನಲ್ಲೇ ಕುಡೀತಾನಲ್ಲ ಮಾರಾಯ್ರೇ, ನಾನ್ಯಾವನು ಬ್ಯಾಡ ಅನ್ನಕ್ಕೆ?" ಅನ್ನುತ್ತಿದ್ದ. ಮಳೆಗಾಲದೊಳಗೆ ಜೀಪನ್ನು ಎರಡು ಸಲ ಚರಂಡಿಗೆ ಇಳಿಸಿದ. ಎಸ್ಟೇಟಿನ ಸಾಹುಕಾರರು ಕೀ ಕಿತ್ತುಕೊಂಡು ಸ್ಟೋರಿನಲ್ಲಿ ಮೂಟೆ ಹೊರಲು ಹಾಕಿದರು. ಭೈರಣ್ಣ ಎನ್ನುವವರೂ ಇಲ್ಲವಾದರು.

ಜಯಮ್ಮ ನನ್ನ ಬಳಿ ಬಂದಳು. "ನೀವು ಬರ್ದಾಗ ನಮ್ಮೋರು ಬಿಟ್ಟಿದ್ರಲ್ಲ ರೈಟ್ರೇ, ಇನ್ನೊಂದ್ ಬರೀರಿ. ಬಿಡೋ ಹಂಗೆ ಬರೀರಿ" ಎಂದಳು. ಬರೆದೆ. ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಏನನ್ನೂ ಬರೆದಿಲ್ಲ. ಭೈರ ಗ್ಲಾಸನ್ನು ಹೊಳೆಗೆ ಎಸೆಯುವ ಸೀನನ್ನು ನಾನೇ ಓದಿ ನಾನೇ ಕಣ್ಣೊರೆಸಿಕೊಂಡೆ. ಸ್ಟೋರಿಗೆ ಹೋಗಿ ಪುಟ್ಟಸ್ವಾಮಿಗೆ ಓದಿ ಹೇಳಿದೆ. ಮೂಟೆಯ ಮೇಲೆ ಕೂತು ಪೂರ್ತಿ ಕೇಳಿದ. ಆಮೇಲೆ, "ಇದು ಕಂಪ್ನಿಯೋರು ಬರ್ದಿದ್ದಾ, ನೀವಾ?" ಅಂದ.

"ನಾನೇ ಕಣೋ."

"ಹಂಗಾದ್ರೆ ಬ್ಯಾಡ ಬುಡಿ."

ನನಗೆ ಕೋಪ ಬರಲಿಲ್ಲ, ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡೆ. ಎಲ್ಲೋ ದೂರದಲ್ಲಿ ಕೂತು ಕಥೆ ಹೊಸೆಯುವವರ ಮೇಲೆ ಅವನಿಗಿದ್ದ ನಂಬಿಕೆಯಲ್ಲಿ ಕಾಲುಪಾಲು ನನ್ನ ಮೇಲೆ ಇದ್ದಿದ್ದರೆ ಒಂದು ಸಂಸಾರ ಉಳಿಯುತ್ತಿತ್ತು. ಆದರೆ ಅಭಿಮಾನ ಅಂದರೆ ಅದೇ ತಾನೇ. ನಾವೇ ಅವನಿಗೆ ಅದನ್ನು ಕಲಿಸಿದ್ದು.

ಮೊನ್ನೆ ಸಂತೆಗೆ ಹೋದಾಗ ಬಸ್ ಸ್ಟ್ಯಾಂಡಿನ ಗೋಡೆಗೆ ಮೂರನೇ ಭಾಗದ ಪೋಸ್ಟರು ಅಂಟಿಸಿದ್ದರು. ಟಾಕೀಸಿನ ಮುಖ ಕಾಣದ ಜಯಮ್ಮ ಚೀಲ ಕಂಕುಳಲ್ಲಿ ಹಿಡಿದು ಅದರ ಮುಂದೆ ನಿಂತಿದ್ದಳು. ಪೋಸ್ಟರಿನಲ್ಲಿ ಭೈರ ಬಾಟಲಿ ಎತ್ತಿ ಹಿಡಿದಿದ್ದ. ನನ್ನನ್ನು ಕಂಡು ಕೇಳಿದಳು: "ರೈಟ್ರೇ, ಇವ್ನು ಬಾಟ್ಲಿ ಹಿಡ್ಕಂಡಿರದು ಕುಡಿಯಕ್ಕಾ, ಕೇಡಿಗೆ ಹೊಡಿಯಕ್ಕಾ?"

ನಾನೂ ಹತ್ತಿರ ಹೋಗಿ ನೋಡಿದೆ. ಗೊತ್ತಾಗಲಿಲ್ಲ.

"ಹೊಡಿಯಕ್ಕೇ ಆಗಿರ್ಲಿ ದೇವ್ರೇ" ಎಂದು ಪೋಸ್ಟರಿಗೆ ಕೈಮುಗಿದಳು.